ಸದ್ದಿಗೊಂದು ಬಾಡಿಗೆ ಮನೆ

ಓದುವುದು ನನ್ನ ಕಸುಬು. ಕಣ್ಣು ಕಾಣದವರಿಗೆ
ಪುಸ್ತಕಗಳನ್ನು ದನಿಯಾಗಿಸಿ ಕಳಿಸುತ್ತೇನೆ,
ರೀಗಾದ ಹಳೆಯ ಮರದ ಮನೆಯೊಂದರ ಮೂರನೇ ಮಹಡಿಯಿಂದ.
ಸ್ಟುಡಿಯೋ ಅಂದರೆ ಬಟ್ಟೆಯ ಬೀರು:
ಮೂರು ರಜಾಯಿ, ಅಜ್ಜಿಯ ಉಣ್ಣೆಯ ಕೋಟು, ಮೈಕು, ನಾನು.

ಲ್ಯಾಪ್‌ಟಾಪಿಗೆ ಒಂದು ಚಾಳಿ.
ಹತ್ತು ಪುಟ ಗಪ್‌ಚಿಪ್.
ಹನ್ನೊಂದರಲ್ಲಿ ಮುದುಕ ಸಾಯುವಾಗ,
ಎರಡು ಮಾತಿನ ನಡುವೆ ನಾನು ಉಸಿರು ಹಿಡಿದಾಗ,
ಸರಿಯಾಗಿ ಆಗಲೇ ಅದರ ಫ್ಯಾನು ಎದ್ದು ಕೂರುತ್ತದೆ,
ಸಾವಿನ ಮನೆಯಲ್ಲಿ ಯಾರೋ ಕಾಫಿಬೀಜ ಅರೆದ ಹಾಗೆ.
ಅಡಿಗೆ ಮಂಜುಗಡ್ಡೆಯ ಚೀಲ ಇಟ್ಟು ನೋಡಿದೆ.
ಕರಗಿ ತೊಟ್ಟಿಕ್ಕಿತು; ಅದೂ ರೆಕಾರ್ಡಾಯಿತು.

ಅಂಗಡಿ ತೆರೆಯುವ ಮುಂಚೆಯೇ ಬಾ ಎಂದಿದ್ದ ಓಯಾರ್ಸ್.
ಟ್ಯೂಬ್‌ಲೈಟು ಆರಿಸಿದ. ಗೋಡೆಯ ಗಡಿಯಾರ ಇಳಿಸಿ
ತನ್ನ ಕೋಟಿನಲ್ಲಿ ಸುತ್ತಿದ.
ಕತ್ತಲಲ್ಲಿ ಇಬ್ಬರೂ ಕಿವಿಯೊಡ್ಡಿ ಬಗ್ಗಿದೆವು,
ಮಲಗಿದ ಕೂಸಿನ ಉಸಿರು ನೋಡುವವರಂತೆ.

ಫ್ಯಾನೇ ಇಲ್ಲದ ತೆಳ್ಳನೆಯದು ಮಹಾಮೌನಿ. ಆದರೆ
ಮೂರು ತಾಸು ಎಡಿಟ್ ಮಾಡಿದರೆ ಅದಕ್ಕೆ ಏದುಸಿರು,
ಬೆಲೆ ಕೇಳಿದರೆ ನನಗೆ.
ಡಬ್ಬಿಯಂಥ ಡೆಸ್ಕ್‌ಟಾಪು ಅಗ್ಗ, ಎತ್ತಿನಂತೆ ದುಡಿಯುತ್ತದೆ,
ಹಚ್ಚಿದಷ್ಟು ಹೊತ್ತೂ ಗುಂಯ್‌ಗುಡುತ್ತದೆ.
'ನಿಲ್ಲದ ಸದ್ದೇ ವಾಸಿ,' ಅಂದ ಓಯಾರ್ಸ್.
'ಎಲ್ಲಿದೆ ಅಂತ ಗೊತ್ತಿರುತ್ತೆ. ದೂರ ಇಡಬಹುದು.'

ದೂರ ಅಂದರೆ ಎಲ್ಲಿ? ನನಗಿರುವುದೇ ಒಂದು ಕೋಣೆ.

ಪಕ್ಕದ ಮನೆಯ ಆಂತೊನೀನಾಗೆ ಎಂಬತ್ತೊಂದು.
ಗಿರಣಿಯ ಮಗ್ಗಗಳು ಮೂವತ್ತು ವರ್ಷ ಕೂತು
ಅವಳ ಕಿವಿಗಳನ್ನು ತಿಂದು ಮುಗಿಸಿವೆ.
ಚೀಟಿಯಲ್ಲಿ ಬರೆದು ಕೇಳಿದೆ. ಓದಿ,
ನಕ್ಕು, ನಕ್ಕದ್ದಕ್ಕೆ ಕೆಮ್ಮಿ,
ಕೆಳಗೇ ಬರೆದಳು:
'ಬಾಡಿಗೆ ವಾರಕ್ಕೊಂದು ರೈ ರೊಟ್ಟಿ. ಕರಿದು. ಹಳಸಿದ್ದು ಬೇಡ.'

ಗೋಡೆಯಲ್ಲೊಂದು ತೂತು, ಎರಡು ಕೇಬಲ್ಲು.
ಈಗ ಅದು ಅವಳ ಕಿಟಕಿಯ ಕೆಳಗೆ ಗುಂಯ್‌ಗುಡುತ್ತದೆ,
ನಾನು ಬೀರುವಿನೊಳಗೆ.
ಮುದುಕ ಸುಸೂತ್ರವಾಗಿ ಸಾಯುತ್ತಾನೆ.

ನಿನ್ನೆ ಗಂಟಲು ಕಟ್ಟಿ ಬೇಗ ಆರಿಸಿದೆ.
ರೊಟ್ಟಿ ಕೊಡಲು ಹೋದರೆ, ಡಬ್ಬಿಯ ನೆತ್ತಿಗೆ
ಅಂಗೈ ಊರಿ ಕೂತಿದ್ದಳು.
ರೊಟ್ಟಿಯ ಕಡೆ ನೋಡಲಿಲ್ಲ. ಚೀಟಿ ಎಳೆದುಕೊಂಡಳು:

'ಯಾಕೆ ನಿಲ್ಲಿಸಿದೆ?
ಕತೆ ಎಲ್ಲಿಗೆ ಬಂತು?'