ಎರಡೂಕಾಲು ಲೀಟರ್

ಮುಚ್ಚಿಹೋದ ಹೋಂಸ್ಟೇಯೊಂದರ ಸಾಮಾನು ಮಾರಾಟದಲ್ಲಿ ತಂದದ್ದು.
ಒಂದು ಚಕ್ರ ಇಲ್ಲ; ಖಾಲಿ ದಾರದ ರೀಲು ಕೊಟ್ಟು ನಿಲ್ಲಿಸಿದ್ದೇನೆ.
"ದುಡ್ಡು ಕೊಟ್ಟು ನೀರು ತರಿಸುವವರನ್ನು ಕಂಡಿದ್ದೆ,
ದುಡ್ಡು ಕೊಟ್ಟು ತೆಗೆಸುವವಳನ್ನು ಈಗ ಕಂಡೆ"
ಎಂದು ನಕ್ಕ ಪಕ್ಕದ ಬೇಕರಿಯ ಮೊಯ್ದು.

ಮಡಿಕೇರಿ, ಮಹದೇವಪೇಟೆಯ ಇಳಿಜಾರು. ನಮ್ಮದು ಒಂದೂವರೆ ಕೋಣೆ.
ಅರ್ಧದಲ್ಲಿ ನಾವು ಮಲಗುತ್ತೇವೆ, ಒಂದರಲ್ಲಿ ಬಟ್ಟೆಗಳು.
ಬಾಡಿಗೆ ಕಟ್ಟುವುದು ಅವೇ ತಾನೆ.

ಕಕ್ಕಡ ಹಿಡಿಯಿತೆಂದರೆ
ಕರಿ ಕುಪ್ಯದ ಹೆಗಲಿಗೆ ಒಂದೇ ರಾತ್ರಿಯಲ್ಲಿ ಬೂಷ್ಟು.
ಮೊದಲೆಲ್ಲ ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುತ್ತಿದ್ದೆ;
ಒಮ್ಮೆ ಒಂದು ತೋಳು ಸುಟ್ಟು
ಎರಡು ವರ್ಷ ಆ ಮನೆಯವರೆದುರು ತಲೆಯೆತ್ತಲಿಲ್ಲ.

ಈಗ ಇದು.
ಶೀತ ಹಿಡಿದ ನಾಯಿಯ ಹಾಗೆ ಮೂಲೆಯಲ್ಲಿ ಉಸಿರೆಳೆಯುತ್ತದೆ.
ಶಮೀಮ ಕ್ಯಾಲೆಂಡರಿನ ಚೌಕಗಳಲ್ಲಿ ಬರೆಯುತ್ತಾಳೆ:
ಸೋಮವಾರ ಎರಡು ಲೀಟರ್. ಮಂಗಳವಾರ ಎರಡೂಕಾಲು.
ಬುಧವಾರ ಕರೆಂಟಿಲ್ಲ. ಗುರುವಾರ ಕರೆಂಟಿಲ್ಲ.
ಶನಿವಾರ ಬೆಳಿಗ್ಗೆ ತೊಟ್ಟಿ ತುಂಬಿ ತಾನಾಗಿ ನಿಂತಿತ್ತು,
ಕೆಂಪು ದೀಪ ಹಚ್ಚಿಕೊಂಡು, ಸಿಟ್ಟಿನಲ್ಲಿ.

"ಇಷ್ಟು ನೀರು ಎಲ್ಲಿತ್ತು, ಉಮ್ಮಾ?"
ಗೋಡೆಯಲ್ಲಿ. ಹೊಲಿಗೆಯ ಒಳಮಡಿಕೆಯಲ್ಲಿ. ನಿನ್ನ ಸಾಕ್ಸಿನಲ್ಲಿ.
ರಾತ್ರಿಯಿಡೀ ನಾವು ಬಿಟ್ಟ ಉಸಿರಿನಲ್ಲಿ.
ತೊಟ್ಟಿಯೊಳಗೆ ಬಗ್ಗಿ ನೋಡಿದಳು,
ತನ್ನದು ಯಾವುದೆಂದು ಹುಡುಕುವವಳಂತೆ.

ಕಕ್ಕಬ್ಬೆಯ ಮಾಚಮ್ಮ ತಂದ ಕುಪ್ಯ
ಹನ್ನೆರಡು ದಿನ ಇಲ್ಲಿ ತೂಗಿತ್ತು.
ಗಂಡನದು; ಹೋದ ವರ್ಷ ತೀರಿಕೊಂಡರು.
ಅಳಿಯನ ಅಳತೆಗೆ ಹೆಗಲು ಬಿಡಿಸಬೇಕು, ಬೂಷ್ಟು ಹೋಗಬೇಕು.
ಬಿಡಿಸಿದೆ. ಹೋಯಿತು.

ಕೈಲ್ ಮುಹೂರ್ತಕ್ಕೆ ನಾಲ್ಕು ದಿನ ಇರುವಾಗ ಬಂದರು.
ಹೊಲಿಗೆ ನೋಡಲಿಲ್ಲ.
ಕಂಕುಳ ಮಡಿಕೆಗೆ ಮೂಗು ಒತ್ತಿದರು,
ಬಲಗಡೆ; ಆಮೇಲೆ ಎಡಗಡೆ.
"ಚೆನ್ನಾಗಿ ಒಣಗಿದೆ" ಅಂದರು.
ಸ್ವಲ್ಪ ತಡೆದು, "ತುಂಬಾ ಒಣಗಿದೆ."

ಬಂದೂಕಿನ ಎಣ್ಣೆ, ಲವಂಗ, ಬೆವರು:
ತಂದ ದಿನ ನನಗೂ ಬಡಿದಿತ್ತು ವಾಸನೆ.
ಬೂಷ್ಟಿನದೇ ಎಂದುಕೊಂಡಿದ್ದೆ.

ದುಡ್ಡು ಎಣಿಸಿಕೊಟ್ಟು, ಹೊಸ್ತಿಲಲ್ಲಿ ಕೊಡೆ ಬಿಡಿಸುತ್ತ ಕೇಳಿದರು:
"ಆ ನೀರನ್ನು ಏನು ಮಾಡುತ್ತೀ?"
ನೆಲ ಒರೆಸುತ್ತೇನೆ ಅಂದೆ.
ಒಂದು ಕಾಲು ಚಪ್ಪಲಿಯಲ್ಲಿತ್ತು ಆಗಲೇ.
ಅದನ್ನು ಹೊರತೆಗೆದು
ಮತ್ತೆ ನೆಲದ ಮೇಲಿಟ್ಟರು, ಬರಿಗಾಲು,
ಮಳೆ ಒಂದು ಸುತ್ತು ಜೋರಾಗಿ ಕಡಿಮೆಯಾಗುವಷ್ಟು ಹೊತ್ತು.

ಆ ದಿನದ ಚೌಕ ಖಾಲಿ.
ನೋಡಲು ಮರೆತೆ ಅಂದೆ ಶಮೀಮಳಿಗೆ.

ಈಗ ಯಾರು ಬಟ್ಟೆ ತಂದರೂ ಮೊದಲು ಕೇಳುತ್ತೇನೆ:
ಎಷ್ಟು ಒಣಗಬೇಕು?
ಇದೆಂಥ ಪ್ರಶ್ನೆ, ಪೂರ್ತಿ, ಎನ್ನುತ್ತಾರೆ ಹಲವರು.
ಕೆಲವರು ತಡವರಿಸುತ್ತಾರೆ.
ಅವರದನ್ನು ಮಾತ್ರ ಆಚೆ, ಅರ್ಧ ಕೋಣೆಯ ಮೊಳೆಗೆ,
ನಾವು ಮಲಗುವ ಕಡೆ, ನಮ್ಮ ಉಸಿರಿನ ಪಕ್ಕ
ತೂಗುಹಾಕುತ್ತೇನೆ.