ಕೌಲ್ ಬಜಾರಿನ ಹೆಬ್ಬೆರಳು

ಹೊಲಿಗೆ ಮುಗಿಸಿ ಸರ್ಜನ್ ಚಹಾಕ್ಕೆ ಹೋದರು.
ಕತ್ತರಿ, ಬಟ್ಟೆ, ಪಿತ್ತಕೋಶದ ಮೂರು ಕಲ್ಲು
ಎಣಿಸಿ ಬರೆದುಕೊಂಡಳು ಎಸ್ತೇರಮ್ಮ.
ಎಣಿಸುವುದು ಇನ್ನು ನನ್ನ ಪಾಳಿ.

ಖೈರುನ್ನಿಸಾಳ ಬಲಗೈ ನನ್ನ ಅಂಗೈಯಲ್ಲಿ.
ಮಣಿಕಟ್ಟಿನ ಮೇಲೆ ಎರಡು ತಂತಿ.
ಗುಂಡಿ ಒತ್ತಿದರೆ ನಾಲ್ಕು ಸಲ ಬಾಗಿಲು ಬಡಿದ ಹಾಗೆ,
ಒಳಗಿದ್ದವರು ಹೆಬ್ಬೆರಳಿನಿಂದ ಓಗೊಡಬೇಕು.

ಒಂದು.
ಎರಡು, ಅದೂ ಅರೆಮನಸ್ಸಿನಿಂದ.
ಆಮೇಲೆ ಬರೀ ಏಸಿಯ ಗೊರಕೆ.

ಉಗುರು ನೀಲಿ.
ಬೆಳಿಗ್ಗೆ ಮೊದಲು ಕಂಡಾಗ ಎದೆ ಧಸಕ್ಕೆಂದಿತ್ತು:
ಉಸಿರು ಮುಟ್ಟದ ಮೈ ಹೀಗೇ ನೀಲಿಗಟ್ಟುವುದು.
ಆಮೇಲೆ ತಿಳಿಯಿತು, ಹದಿನಾರು ವರ್ಷ
ಜೀನ್ಸಿನ ಜೇಬು ಹೊಲಿದ ಬಣ್ಣ,
ಸ್ಪಿರಿಟ್ಟಿಗೂ ಬಿಡಲಿಲ್ಲ.
ಕ್ಲಿಪ್ಪನ್ನು ಕಿವಿಯ ಹಾಲೆಗೆ ಹಾಕಿದೆವು, ಓಲೆ ಬಿಚ್ಚಿ,
ಓಲೆಯನ್ನು ಗಂಡನಿಗೆ ಕೊಟ್ಟು, ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು.

ಸಿರುಗುಪ್ಪದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು
ಸೀಟು ಹಿಡಿಯುತ್ತಾರಲ್ಲ, ಅಷ್ಟೇ ನಾನು ಕೊಟ್ಟ ಮದ್ದು.
ಕೂತವರಿಲ್ಲ. ಕೂರುವ ಹಾಗೂ ಇಲ್ಲ.
ನರ ಕಳಿಸಿದ ಮಾತು ಸ್ನಾಯುವಿನ ತನಕ ಬಂದು
ನಿಂತೇ ಇರುತ್ತದೆ, ನಿಂತಲ್ಲೇ ಕರಗುತ್ತದೆ.
ಸಿರಿಂಜಿನಲ್ಲಿ ಕಾದಿರುವುದು ಟವೆಲ್ ಎತ್ತುವುದಿಲ್ಲ,
ನಿಂತವರನ್ನು ಕೆಳಗಿಳಿಸುವ ಕಂಡಕ್ಟರನ ಕೈ ಹಿಡಿಯುತ್ತದೆ.
ಜನ ಹತ್ತುತ್ತಾರೆ, ಹತ್ತುತ್ತಲೇ ಇರುತ್ತಾರೆ,
ನೂಕುನುಗ್ಗಲಿಗೆ ಟವೆಲ್ ತಾನೇ ಜಾರಿ ಬೀಳಬೇಕು.
ಎತ್ತಿ ಮಡಚಿ ಒಯ್ಯುವ ಮದ್ದೂ ಉಂಟು,
ಬೀರುವಿನಲ್ಲಿ ಒಂದೇ ಸೀಸೆ. ಅದರ ಬೆಲೆ
ಇವಳ ಎಷ್ಟು ಜೇಬು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

"ಮೇಡಂ, ಮುಂದಿನ ಕೇಸು ಬಾಗಲಾಗ ಐತಿ."
ಇರಲಿ.

ಎರಡು ವರ್ಷದ ಹಿಂದೆ, ಇದೇ ಮೇಜು,
ಸಂಡೂರು ಕಡೆಯ ಲಾರಿ ಡ್ರೈವರು ಗಾದಿಲಿಂಗ.
ಆವತ್ತು ನನಗೆ ಅವಸರ, ಮೂರಕ್ಕೇ ಸಾಕೆಂದೆ.
ಮರುದಿನ ರೌಂಡ್ಸಿಗೆ ಹೋದರೆ ಮೆಲ್ಲಗೆ ಅಂದ:
"ನೀವು ಒಗ್ಗಾಣಿ ಮಿರ್ಚಿ ತರಿಸಿದ್ದು ಕೇಳಸ್ತಿತ್ತು ಮೇಡಂ.
ಮಿರ್ಚಿ ತಣ್ಣಗಾಗ್ಯಾವ ಅಂತ ಬೈದ್ರಿ.
ಕಣ್ಣು ತೆಗೀಬೇಕು ಅಂತೀನಿ, ರೆಪ್ಪಿ ನಂದಲ್ಲ.
ಉಸುರು ಎಳೀಬೇಕು ಅಂತೀನಿ, ಎದಿ ನಂದಲ್ಲ."
ದೂರಲಿಲ್ಲ. ದಾರಿಯಲ್ಲಿ ಗಾಡಿ ಪಂಕ್ಚರಾದ ಸುದ್ದಿಯಂತೆ ಹೇಳಿ
ಗೋಡೆ ಕಡೆ ತಿರುಗಿ ಮಲಗಿದ.

ಮೂರು.
ಮೂರು, ಮತ್ತೆ ಮೂರು.
ನಾಲ್ಕನೆಯದು ಬಂತೋ, ನನ್ನ ಕೈಯೇ ನಡುಗಿತೋ,
ಎಸ್ತೇರಮ್ಮ, ನೀನು ಹಿಡಿದು ನೋಡು.
ಬಂತು, ಅಂದಳು.

ಆಗ ಸಿರಿಂಜು, ನಿಧಾನವಾಗಿ.
ಹೃದಯ ಮಂದವಾಗದಿರಲೆಂದು ಅದರ ಜೊತೆಗೇ ಕಾವಲಿಗೊಂದು.
ಗಡಿಯಾರದ ಮುಳ್ಳು ಎರಡು ಮನೆ ದಾಟುವ ತನಕ
ನಾನು, ಎಸ್ತೇರಮ್ಮ, ಒಂದು ನೀಲಿ ಉಗುರು.
ಬರೀ ನಾಲ್ಕು ಸಾಲದು,
ಕೊನೆಯ ಬಡಿತಕ್ಕೂ ಮೊದಲಿನಷ್ಟೇ ಗಟ್ಟಿ ಉತ್ತರ ಬೇಕು.

ಬಂತು. ತಾನಾಗಿ ಅಲುಗಿದ್ದು ಮಾತ್ರ ಕೈಯಲ್ಲ,
ಹಸಿರು ಹೊದಿಕೆಯಡಿ ಬಲಗಾಲು:
ಮುಂಗಾಲು ಕೆಳಕ್ಕೆ, ಮತ್ತೆ ಕೆಳಕ್ಕೆ,
ಮೋಟರಿನ ಪೆಡಲು ಹುಡುಕುತ್ತ.

"ಆಂಖಾಂ ಖೋಲೋ ಬೀ. ಹಾತ್ ದಬಾವ್."
ದಬಾಯಿಸಿದಳು, ನನ್ನ ಉಂಗುರ ಪಕ್ಕದ ಬೆರಳಿಗೆ ನಾಟುವ ಹಾಗೆ.
ತಲೆ ಎತ್ತು ಎಂದೆ. ಎತ್ತಿದಳು.
ಐದು ಎಣಿಸಿ ಸಾಕೆಂದೆ. ಇಳಿಸಲಿಲ್ಲ.
ಏಳು, ಎಂಟು.
ಬಾಯಲ್ಲಿನ್ನೂ ಕೊಳವೆ ಇತ್ತಾಗಿ
ಬೈಗುಳವೆಲ್ಲ ಕಣ್ಣಿನಲ್ಲೇ ಇತ್ತು.