ಬಹುವಚನ

ಜೀಲಾಂಗಿನ ಕೋರ್ಟಿನಲ್ಲಿ ನನ್ನದು ಗಾಜಿನ ಕೆಲಸ:
ಈಚೆಯ ಮಾತು ಆಚೆ ಕಾಣಬೇಕು, ನಾನು ಕಾಣಕೂಡದು.
ಕೂಡಿಸುವುದಿಲ್ಲ, ಕಳೆಯುವುದಿಲ್ಲವೆಂದು
ಕೈಯೆತ್ತಿ ಪ್ರಮಾಣ ಮಾಡಿದ್ದೇನೆ.
ಗಂಟೆಗಿಷ್ಟು ಡಾಲರು, ರೈಲಿನ ಖರ್ಚು ಬೇರೆ.

ಆಪಾದಿತೆ ರಾಣೆಬೆನ್ನೂರು ಕಡೆಯ ದಾಕ್ಷಾಯಣಿ.
ಇಲ್ಲಿ ಯಾರ ನಾಲಿಗೆಗೂ ಹೊರಳದ ಹೆಸರು,
ಎರಡನೆಯ ದಿನಕ್ಕೆ ‘ಡಾಕ್ಷಿ’ಗೆ ಇಳಿದಿತ್ತು.
ಸತ್ತವನ ಹೆಸರು ಹೇಳಿ ಎಂದರು. ಹೇಳಲಿಲ್ಲ.
ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲವಂತೆ.
ಚೀಟಿಯಲ್ಲಿ ಬರೆದುಕೊಟ್ಟಳು, ನಾನು ಓದಿದೆ: ಚಂದ್ರಮೌಳಿ.

‘ನಮ್ಮನಿಯವ್ರು ಹೊಡದ್ರು’ ಅಂದಳು.
ಜೂನ್ ತಿಂಗಳ ಚಳಿಗೋ ಏನೋ
ಇದ್ದದ್ದನ್ನು ಇದ್ದ ಹಾಗೇ ದಾಟಿಸಿಬಿಟ್ಟೆ:
ನಮ್ಮ ಮನೆಯ ಜನ ಹೊಡೆದರು.
ಸರ್ಕಾರಿ ವಕೀಲರು ಕನ್ನಡಕ ತೆಗೆದು
ಎಷ್ಟು ಜನ? ಎಂದರು.
ಕೇಳಿದೆ. ‘ಒಬ್ರ’ ಅಂದಳು.
ಜ್ಯೂರಿಯಲ್ಲೊಬ್ಬ ಕೆಮ್ಮಿದ.
ಅಪ್ಪಣೆ ಬೇಡಿ ವಿವರಿಸಿದೆ:
ನಮ್ಮಲ್ಲಿ ಗಂಡನಿಗೆ ಬಹುವಚನ; ಮರ್ಯಾದೆ ಅದು, ಲೆಕ್ಕವಲ್ಲ.
ನ್ಯಾಯಾಧೀಶೆ ತಲೆದೂಗಿ
ಇನ್ನು ಮುಂದೆ ‘ಹಿ’ ಅಂದರೆ ಸಾಕು ಎಂದರು.

ಸಾಕು.
ಅವರು ಕಾರಿನ ಮೀಟರು ಬರೆದಿಡುತ್ತಿದ್ದರು.
ಶಾಲೆಗೆ ಹೋಗಿಬರಲು ಎರಡೂ ಮುಕ್ಕಾಲು ಕಿಲೋಮೀಟರು,
ಮೂರಾದರೆ ರಾತ್ರಿ ಲೆಕ್ಕ.
ಫೋನು ಅಕ್ಕಿ ಡಬ್ಬಿಯೊಳಗೆ, ಡಬ್ಬಿಗೆ ಬೀಗ,
ಕೀಲಿ ಅವರ ಉಡಿದಾರದಲ್ಲಿ.
ಈಸ್ಟರ್ ರಜೆಯಲ್ಲಿ ಮಗಳ ಕೋಣೆಯ ಚಿಲಕ ಬಿಚ್ಚಿದರು.
ಮಗಳಿಗೆ ಹನ್ನೆರಡು.
ಯಾಕೆ ಬಿಚ್ಚಿದರು ಎಂದು ಕೇಳಿದ್ದಕ್ಕೆ
ನೀರು ಕುಡಿದಳು.
ನೀರು ಕುಡಿದದ್ದನ್ನು ನಾನು ಅನುವಾದಿಸುವ ಹಾಗಿಲ್ಲ.

ಬೇಲಿಯಾಚೆಯ ಮೌರೀನ್ ಸಾಕ್ಷಿ ಹೇಳಿದಳು:
ಬಂಗಾರದಂಥ ಮನುಷ್ಯ, ನನ್ನಂಗಳದ ಹುಲ್ಲೂ ಕತ್ತರಿಸಿಕೊಡುತ್ತಿದ್ದ.
ಪರದೆಯ ಮೇಲೆ, ಊರಿಂದ, ಅತ್ತೆ:
‘ನನ್ನ ಮಗ ಇರಿವಿ ತುಳದಾಂವಲ್ಲ.
ದೀಪಾವಳಿಗೆ ಮಾತಾಡಿದಾಗ ಆಕಿ ಹೇಳಿದ್ಲು ಖರೆ.
ಹೊಂದ್ಕೊಂಡು ಹೋಗವಾ, ಎಲ್ಲಾರ ಮನ್ಯಾಗೂ ಇರೂದ, ಅಂದೆ.’
ಆಕೆಯದು ಏಕವಚನ, ಎದೆಹಾಲಿನದು.
ಅಳುತ್ತಿದ್ದಳು. ಆ ಅಳು ಸುಳ್ಳಲ್ಲ.

ಒಂಬತ್ತನೆಯ ವಸ್ತು: ಪ್ಲಾಸ್ಟಿಕ್ ಚೀಲದಲ್ಲಿ ಕಲ್ಲು.
ಅಡುಗೆ ಉಪಕರಣ, ಎಂದಿತ್ತು ಚೀಟಿ.
ಖಾರ ಅರೆಯುವ ಗುಂಡು ಅದು,
ಅವ್ವ ಹಳೇ ಸೀರೆಯಲ್ಲಿ ಸುತ್ತಿ ಕಳಿಸಿದ್ದು,
ಹಿಡಿಯುವಲ್ಲಿ ಸವೆದದ್ದು.
ಆ ರಾತ್ರಿ ಏನಾಯಿತು, ಹೇಳಿ.

ಬಹಳ ಹೊತ್ತು ಸುಮ್ಮನಿದ್ದಳು.
ಹೊರಗೆ, ಕೊಲ್ಲಿಯ ಕಡೆಯಿಂದ, ಸೀಗಲ್‌ಗಳ ಜಗಳ.
ಆಮೇಲೆ, ನನ್ನತ್ತಲೂ ನೋಡದೆ,
‘ಮಗಳ ಬಾಗಿಲ್ದಾಗ ನಿಂತಿದ್ದ.
ಬೆಳಕು ಹಿಂದಿತ್ತು. ಅವಂಗ ನಾ ಕಾಣ್ಲಿಲ್ಲ.’

ನಿಂತಿದ್ದ. ಅವಂಗ.
ಹದಿನಾಲ್ಕು ವರ್ಷ, ಮೇಲೆ ನಾಲ್ಕು ದಿನದ ವಿಚಾರಣೆ,
ಮೊದಲ ಸಲ
‘ರು’ ಕಳಚಿ ಬಿತ್ತು.
ಕಲ್ಲು ಏಳುವ ಮೊದಲೇ ಬಿದ್ದಿರಬೇಕು ಅದು,
ಅದರ ಸದ್ದು ಕೇಳಿದವನು ಆ ಕೋಣೆಯಲ್ಲಿ ನಾನೊಬ್ಬನೇ.

‘ಹಿ’ ಎಂದೆ.
ಹನ್ನೆರಡು ಜನ ಬರೆದುಕೊಂಡರು.
ಅವರಿಗೆ ನಿನ್ನೆಯ ‘ಹಿ’, ಇವತ್ತಿನ ‘ಹಿ’ ಒಂದೇ.
ಮತ್ತೆ ಅಪ್ಪಣೆ ಬೇಡಬಹುದಿತ್ತು. ಬಾಯಿ ತೆರೆದೆ.
ಹೇಳಿದರೆ ಅವಳಿಗೆ ನೆರವೋ ಮುಳುವೋ ತಿಳಿಯದೆ
ಮುಚ್ಚಿದೆ.
ಏನನ್ನೂ ಕೂಡಿಸಲಿಲ್ಲ. ಕಳೆದೆನೋ?

ಟಾರ್ನೀಟಿನಲ್ಲಿ ಇಳಿದು ಮನೆ ಸೇರುವಾಗ ಎಂಟು.
‘ಕೈಕಾಲು ತೊಳೀರಿ, ಬಡಿಸ್ತೀನಿ’ ಅಂದಳು ಹೆಂಡತಿ.
ಇಪ್ಪತ್ತಾರು ವರ್ಷದಿಂದ ತೊಳೀರಿ, ಬನ್ನಿ, ನೀವು.
‘ಒಂದು ಸಲ ನೀನು ಅನ್ನು ನೋಡೋಣ’ ಅಂದೆ.
ನಕ್ಕಳು. ನಗು ಅರ್ಧಕ್ಕೆ ನಿಂತಿತು.
‘ಯಾಕೆ, ಏನಾಯ್ತು ನಿಮಗೆ?’ ಎನ್ನುತ್ತಾ,
ಸೌಟು ಹಿಡಿದೇ,
ಒಂದು ಹೆಜ್ಜೆ ಹಿಂದೆ ಸರಿದಳು.